ಎಸ್ಸೆಸ್ಸೆಲ್ಸಿಯಲ್ಲಿ 571, ಪಿಯುಸಿ ಮೊದಲ ಟೆಸ್ಟ್‌ನಲ್ಲಿ 25ಕ್ಕೆ 5: ನನ್ನ ಮಗಳು ದಡ್ಡಿಯಾದಳಾ?

ಪ್ರಶ್ನೆ: ಮೇಡಂ, ನಮ್ಮದು ತಿಪಟೂರು ಕಡೆಯ ಹಳ್ಳಿ. ಯಜಮಾನರು ತೆಂಗಿನ ತೋಟ ನೋಡಿಕೊಳ್ಳುತ್ತಾರೆ. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ, ಓದಿದ್ದು ಏಳನೇ ಕ್ಲಾಸು. ಮಗಳು ಒಂದನೇ ತರಗತಿಯಿಂದಲೂ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 571 ತೆಗೆದು ಶಾಲೆಗೇ ಮೊದಲು ಬಂದಳು. ಎಲ್ಲರೂ ಸೈನ್ಸ್ ಸೈನ್ಸ್ ಎಂದರು, ಅವಳಿಗೂ ಆಸೆ ಇತ್ತು. ಜೂನ್‌ನಲ್ಲಿ ಪಟ್ಟಣದ ಕಾಲೇಜಿಗೆ ಪಿಸಿಎಂಬಿ ಸೇರಿಸಿದೆವು. ಬೆಳಗ್ಗೆ ಆರೂವರೆ ಬಸ್ಸಿಗೆ ಹೋದರೆ ಮನೆಗೆ ಬರುವುದು ಸಂಜೆ ಆರಕ್ಕೆ. ಪಾಠವೆಲ್ಲ ಇಂಗ್ಲಿಷ್. ಮೊದಲ ಟೆಸ್ಟ್‌ನಲ್ಲಿ 25ಕ್ಕೆ ಫಿಸಿಕ್ಸ್ 7, ಕೆಮಿಸ್ಟ್ರಿ 9, ಬಯಾಲಜಿ 11, ಮ್ಯಾಥ್ಸ್ 5. ಕನ್ನಡ 22, ಇಂಗ್ಲಿಷ್ 15. ಪೇಪರ್ ಕೊಟ್ಟ ದಿನ ಊಟ ಮಾಡಲಿಲ್ಲ. "ನಾನು ದಡ್ಡಿ ಅಮ್ಮಾ, ಆರ್ಟ್ಸ್‌ಗೆ ಹಾಕ್ಬಿಡು" ಅಂತ ಅಳುತ್ತಾಳೆ. ಯಜಮಾನರೂ "ಹುಡುಗಿ ಸೊರಗ್ತಿದೆ, ಬದಲಾಯಿಸಿಬಿಡೋಣ" ಎನ್ನುತ್ತಾರೆ. ನನ್ನ ತಮ್ಮ ಸಾಲ ಮಾಡಿಯಾದರೂ ರೆಸಿಡೆನ್ಷಿಯಲ್ ಕಾಲೇಜಿಗೆ ಹಾಕಿ ಎನ್ನುತ್ತಾನೆ. ಕನ್ನಡ ಮೀಡಿಯಂ ಮಕ್ಕಳಿಗೆ ಸೈನ್ಸ್ ಹತ್ತಲ್ಲ ಅಂತ ಪಕ್ಕದ ಮನೆಯವರು. ನಾವು ತಪ್ಪು ಮಾಡಿದೆವಾ? ಏಳನೇ ಕ್ಲಾಸು ಓದಿದ ನಾನು ಇದರಲ್ಲಿ ಏನು ಮಾಡೋಕಾಗುತ್ತೆ?

ಉತ್ತರ: ನಾನು 26 ವರ್ಷ ಸರ್ಕಾರಿ ಪಿಯು ಕಾಲೇಜುಗಳಲ್ಲಿ ಫಿಸಿಕ್ಸ್ ಪಾಠ ಮಾಡಿದವಳು. ಪ್ರತಿ ಆಗಸ್ಟ್‌ನಲ್ಲೂ ಮೊದಲ ಟೆಸ್ಟ್ ಪೇಪರ್ ಕೊಟ್ಟ ವಾರ ಸ್ಟಾಫ್ ರೂಮಿನ ಬಾಗಿಲಲ್ಲಿ ಯಾರಾದರೂ ಅಮ್ಮ ಇಲ್ಲವೇ ಅಪ್ಪ ನಿಂತಿರುತ್ತಿದ್ದರು. ಕೈಯಲ್ಲಿ ಮಡಚಿದ ಉತ್ತರ ಪತ್ರಿಕೆ. ಪಕ್ಕದಲ್ಲಿ ನೆಲ ನೋಡುತ್ತ ನಿಂತ ಮಗು. ಕೇಳುತ್ತಿದ್ದ ಪ್ರಶ್ನೆಯೂ ಹೆಚ್ಚುಕಡಿಮೆ ನಿಮ್ಮದೇ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಅವಳು ದಡ್ಡಿಯಾಗಿಲ್ಲ. ಎರಡು ತಿಂಗಳಲ್ಲಿ ಯಾರೂ ದಡ್ಡರಾಗುವುದಿಲ್ಲ. ಆದರೆ "ಎಲ್ಲ ಸರಿಹೋಗುತ್ತೆ ಬಿಡಿ" ಅಂತ ಸುಮ್ನೆ ಸಮಾಧಾನ ಹೇಳಿ ಕಳಿಸುವುದೂ ಇಲ್ಲ. ತಾನಾಗಿ ಸರಿಹೋಗುವ ವಿಷಯ ಇದಲ್ಲ.

ನೀವು ಬರೆದ ಅಂಕಗಳನ್ನೇ ಮೊದಲು ನೋಡೋಣ. ಅವು ತುಂಬ ಹೇಳುತ್ತಿವೆ.

571ರಲ್ಲಿ ಎಷ್ಟು ಅಂಕ ಶಾಲೆಯಲ್ಲೇ ಕೊಟ್ಟದ್ದು ಗೊತ್ತಾ? ಎಸ್ಸೆಸ್ಸೆಲ್ಸಿಯ 625 ಅಂಕದಲ್ಲಿ 125 ಆಂತರಿಕ ಅಂಕ. ಮೊದಲ ಭಾಷೆಗೆ 25, ಉಳಿದ ಐದು ವಿಷಯಕ್ಕೆ ತಲಾ 20. ಚೆನ್ನಾಗಿ ಓದುವ ಮಗುವಿಗೆ ಶಾಲೆಯವರು ಅದನ್ನು ಪೂರ್ತಿ ಕೊಟ್ಟಿರುತ್ತಾರೆ. ಅದನ್ನು ಕಳೆದರೆ ಪರೀಕ್ಷೆಯಲ್ಲಿ ಬರೆದು ತೆಗೆದದ್ದು 500ಕ್ಕೆ ಸುಮಾರು 446. ಅದೂ ಒಳ್ಳೆಯ ಅಂಕವೇ, ಅನುಮಾನ ಬೇಡ. ಆದರೆ 571 ಎಂಬ ಅಂಕವನ್ನೂ ಈ 25ರ ಟೆಸ್ಟನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಹತ್ತನೇ ತರಗತಿಯಲ್ಲಿ ಒಂದೇ ಪಾಠವನ್ನು ವರ್ಷದಲ್ಲಿ ನಾಲ್ಕು ಸಲ ಓದಿಸಿ, ಹಳೇ ಪ್ರಶ್ನೆಪತ್ರಿಕೆ ಹತ್ತು ಸಲ ಬರೆಸಿ ಕಳಿಸಿರುತ್ತಾರೆ. ಇಲ್ಲಿ ಒಂದೇ ಸಲ ಪಾಠ, ನೇರ ಟೆಸ್ಟು.

ಇನ್ನೊಂದು ವಿಷಯ. ಎಲ್ಲ ತಪ್ಪೂ ಇಂಗ್ಲಿಷಿನದ್ದೇ ಆಗಿದ್ದರೆ ಬಯಾಲಜಿಯಲ್ಲಿ ಎಲ್ಲಕ್ಕಿಂತ ಕಡಿಮೆ ಬರಬೇಕಿತ್ತು, ಯಾಕೆಂದರೆ ಅದರಲ್ಲೇ ಮಾತು ಜಾಸ್ತಿ. ಮ್ಯಾಥ್ಸ್‌ನಲ್ಲಿ ಜಾಸ್ತಿ ಬರಬೇಕಿತ್ತು. ನಿಮ್ಮ ಮಗಳದ್ದು ಉಲ್ಟಾ ಆಗಿದೆ. ಅಂದರೆ ಭಾಷೆಯ ಜೊತೆಗೆ ಬೇರೆ ಏನೋ ಸೇರಿಕೊಂಡಿದೆ. ಈ ಎರಡನ್ನೂ ಬೇರೆ ಮಾಡಿ ನೋಡದೆ ಆರ್ಟ್ಸು, ರೆಸಿಡೆನ್ಷಿಯಲ್ ಅಂತ ಓಡಾಡಿದರೆ ದುಡ್ಡೂ ಹೋಗುತ್ತದೆ, ಮಗುವಿನ ಧೈರ್ಯವೂ ಹೋಗುತ್ತದೆ.

ಭಾಷೆಯ ತೊಡಕು ಯಾವ ಥರದ್ದು ಅಂತ ನಮ್ಮ ಲೆಕ್ಚರರ್‌ಗಳಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ನಿಮ್ಮ ಮಗಳಿಗೆ ಜವ ಯಾವುದು, ವೇಗ ಯಾವುದು ಅಂತ ಚೆನ್ನಾಗಿ ಗೊತ್ತು. ವೇಗೋತ್ಕರ್ಷ, ಸಂವೇಗ, ಜಡತ್ವ, ಸ್ಥಾನಪಲ್ಲಟ ಎಲ್ಲವನ್ನೂ ಕಲಿತು ಬಂದಿದ್ದಾಳೆ. ಕಾಲೇಜಿನಲ್ಲಿ ಅವು ಸ್ಪೀಡ್, ವೆಲಾಸಿಟಿ, ಆಕ್ಸಲರೇಷನ್, ಮೊಮೆಂಟಮ್, ಇನರ್ಷಿಯಾ, ಡಿಸ್‌ಪ್ಲೇಸ್‌ಮೆಂಟ್ ಆಗಿ ಒಂದೇ ಗಂಟೆಯಲ್ಲಿ ಬಂದುಬಿಡುತ್ತವೆ. ಹಳೇ ಪರಿಚಯದವರೇ, ಆದರೆ ಎಲ್ಲರೂ ಹೆಸರು ಬದಲಿಸಿಕೊಂಡು ಬಂದಿದ್ದಾರೆ. ಇವರು ಅವರೇ ಅಂತ ಯಾರೂ ಹೇಳದಿದ್ದರೆ ಮಗು ಹೊಸಬರೆಂದೇ ತಿಳಿದು ಮೊದಲಿನಿಂದ ಬಾಯಿಪಾಠ ಶುರು ಮಾಡುತ್ತದೆ.

ದೊಡ್ಡ ಶಬ್ದಗಳಾದರೂ ವಾಸಿ, ಗೊತ್ತಿಲ್ಲ ಅಂತ ಗೊತ್ತಾಗುತ್ತದೆ. ಹೆಚ್ಚು ಕಾಡುವುದು ಸಣ್ಣ ಶಬ್ದಗಳು. ಪ್ರಶ್ನೆಪತ್ರಿಕೆಯಲ್ಲಿ "ಸ್ಟೇಟ್" ಅಂತ ಇರುತ್ತದೆ. ನಿಯಮ ಏನೆಂದು ಹೇಳಿ ಅಂತ ಅರ್ಥ. ಮಗುವಿಗೆ ಗೊತ್ತಿರುವ ಸ್ಟೇಟ್ ಅಂದರೆ ರಾಜ್ಯ. "ಡಿರೈವ್", "ಡಿಸ್ಟಿಂಗ್ವಿಷ್", "ಜಸ್ಟಿಫೈ", "ಡಿಡ್ಯೂಸ್" ಹೀಗೆ ಪ್ರಶ್ನೆ ಕೇಳುವ ಕ್ರಿಯಾಪದಗಳು ಹದಿನೈದೋ ಇಪ್ಪತ್ತೋ ಇವೆ, ಅಷ್ಟೇ. ಅವುಗಳ ಜೊತೆಗೆ "ಹೆನ್ಸ್", "ವೇರ್‌ಆ್ಯಸ್", "ಅನ್‌ಲೆಸ್", "ರೆಸ್ಪೆಕ್ಟಿವ್ಲಿ". ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ, ಲೆಕ್ಕ ಎಲ್ಲ ಸರಿ ಮಾಡುತ್ತಿದ್ದ, "ರೆಸ್ಪೆಕ್ಟಿವ್ಲಿ" ಬಂದ ಕಡೆಯೆಲ್ಲ ತಪ್ಪು. ಅದು ರೆಸ್ಪೆಕ್ಟ್, ಅಂದರೆ ಗೌರವಕ್ಕೆ ಸಂಬಂಧಪಟ್ಟದ್ದು ಅಂತ ಬಿಟ್ಟು ಓದುತ್ತಿದ್ದನಂತೆ. ಕ್ರಮವಾಗಿ ಅಂತ ಒಂದು ಮಾತಿನಲ್ಲಿ ಹೇಳಿದೆ. ಅಲ್ಲಿಗೆ ಮುಗಿಯಿತು. ನಗುವ ಹಕ್ಕು ನನಗಿಲ್ಲ. ನಾನೂ ಕನ್ನಡ ಮಾಧ್ಯಮದಿಂದಲೇ ಬಂದವಳು. ಪ್ರೊಜೆಕ್ಟೈಲ್ ಅಂದರೆ ಸಿನಿಮಾ ತೋರಿಸುವ ಪ್ರೊಜೆಕ್ಟರ್‌ನ ಭಾಗ ಇರಬೇಕು ಅಂತ ಎರಡು ವಾರ ನಂಬಿದ್ದೆ.

ಗೊತ್ತಿರುವ ಇಂಗ್ಲಿಷ್ ಶಬ್ದವೇ ಮೋಸ ಮಾಡುವುದೂ ಉಂಟು. ಫಿಸಿಕ್ಸ್‌ನಲ್ಲಿ "ವರ್ಕ್" ಅಂದರೆ ನಾವು ಮಾಡುವ ಕೆಲಸ ಅಲ್ಲ. ತಲೆ ಮೇಲೆ ಕಾಯಿ ಮೂಟೆ ಹೊತ್ತು ಸಮತಟ್ಟು ದಾರಿಯಲ್ಲಿ ಒಂದೇ ಸಮನೆ ನಡೆದವನು ಆ ಮೂಟೆಯ ಭಾರದ ವಿರುದ್ಧ ಮಾಡಿದ ವರ್ಕ್ ಸೊನ್ನೆ! "ಸೆಲ್" ಬಯಾಲಜಿಯಲ್ಲಿ ಜೀವಕೋಶ, ಫಿಸಿಕ್ಸ್‌ನಲ್ಲಿ ಬ್ಯಾಟರಿಯ ಕೋಶ. ಇದು ಇಂಗ್ಲಿಷ್ ಮೀಡಿಯಂ ಮಕ್ಕಳಿಗೂ ತೊಡಕೇ. ಅವರು ಗೊತ್ತಿದೆ ಅಂದುಕೊಂಡು ತಪ್ಪುತ್ತಾರೆ. ನಮ್ಮವರು ಗೊತ್ತಿಲ್ಲ ಅಂತ ಹೆದರಿ ತಪ್ಪುತ್ತಾರೆ.

ಈಗ ಮ್ಯಾಥ್ಸ್‌ನ 5 ಅಂಕ. ಇದಕ್ಕೆ ಕಾರಣ ಬೇರೆ. ಹತ್ತನೇ ತರಗತಿಯಲ್ಲಿ ತ್ರಿಕೋನಮಿತಿ ಅಂದರೆ ಸೊನ್ನೆಯಿಂದ 90 ಡಿಗ್ರಿ ಒಳಗಿನ ಕೋನ. ಪಿಯುಸಿಯಲ್ಲಿ ಡಿಗ್ರಿ ಹೋಗಿ ರೇಡಿಯನ್ ಬರುತ್ತದೆ, ಕೋನಕ್ಕೆ ಮಿತಿಯೇ ಇಲ್ಲ, ಮೈನಸ್ ಕೋನವೂ ಉಂಟು. ಅದಕ್ಕೂ ಮೊದಲು ಸೆಟ್ಸ್, ರಿಲೇಷನ್ಸ್, ಫಂಕ್ಷನ್ಸ್. ಅವೆಲ್ಲ ಹೊಸ ಚಿಹ್ನೆಗಳು, ಹೊಸ ಬರವಣಿಗೆ. ಎಂಥ ಮಗುವಿಗೂ ಇಲ್ಲಿ ಒಂದು ಸಲ ತಲೆ ತಿರುಗುತ್ತದೆ.

ಫಿಸಿಕ್ಸ್‌ಗೂ ಮ್ಯಾಥ್ಸ್‌ಗೂ ಹೊಂದಾಣಿಕೆ ಇಲ್ಲದ್ದು ಇನ್ನೊಂದು ಕಷ್ಟ, ಇದನ್ನು ಮನೆಯವರಿಗೆ ಯಾರೂ ಹೇಳುವುದಿಲ್ಲ. ಫಿಸಿಕ್ಸ್‌ನವರು ಜೂನ್–ಜುಲೈನಲ್ಲೇ ಬೋರ್ಡಿನ ಮೇಲೆ "ಡಿಎಕ್ಸ್ ಬೈ ಡಿಟಿ" ಅಂತ ಬರೆದುಬಿಡುತ್ತಾರೆ, ಬರೆಯದೆ ಆ ಪಾಠ ನಡೆಯುವುದೇ ಇಲ್ಲ. ಅದು ಏನು ಅಂತ ಮ್ಯಾಥ್ಸ್‌ನವರು ಹೇಳುವುದು ವರ್ಷದ ಕೊನೆಕೊನೆಯ ಪಾಠದಲ್ಲಿ. ವೆಕ್ಟರ್ ಮೊದಲ ವರ್ಷದ ಫಿಸಿಕ್ಸ್‌ಗೆ ಬೇಕು, ಮ್ಯಾಥ್ಸ್ ಪುಸ್ತಕದಲ್ಲಿ ಅದು ಬರುವುದು ಎರಡನೇ ವರ್ಷ. ನಾನು ಪ್ರತಿ ವರ್ಷ ಮೊದಲ ಎರಡು ವಾರ ಪಾಠ ಬಿಟ್ಟು ಇಷ್ಟನ್ನೇ ಹೇಳಿಕೊಡುತ್ತಿದ್ದೆ. ಪೋರ್ಷನ್ ಹಿಂದೆ ಬೀಳುತ್ತಿತ್ತು, ಬೈಸಿಕೊಂಡಿದ್ದೂ ಇದೆ. ಹಾಗೆ ಹೇಳಿಕೊಡದ ಕಡೆ ಮಗು ತನಗೆ ಮಾತ್ರ ಅರ್ಥವಾಗುತ್ತಿಲ್ಲ ಅಂದುಕೊಳ್ಳುತ್ತದೆ. ಅಕ್ಕಪಕ್ಕದವರೂ ಹಾಗೇ ಅಂದುಕೊಂಡು ಸುಮ್ಮನೆ ಕೂತಿರುತ್ತಾರೆ. ಕ್ಲಾಸು ಶಾಂತವಾಗಿರುತ್ತದೆ.

ಇನ್ನು ಒಂಬತ್ತನೇ ತರಗತಿ. ಪಿಯುಸಿ ಫಿಸಿಕ್ಸ್‌ನ ಮೊದಲರ್ಧ ಹತ್ತನೆಯದರ ಮುಂದುವರಿಕೆ ಅಲ್ಲ, ಒಂಬತ್ತನೆಯದರ ಮುಂದುವರಿಕೆ. ಚಲನೆ, ಬಲ ಮತ್ತು ಚಲನೆಯ ನಿಯಮಗಳು, ಗುರುತ್ವ, ಕೆಲಸ ಮತ್ತು ಶಕ್ತಿ ಎಲ್ಲ ಅಲ್ಲಿಯ ಪಾಠಗಳು. ಆದರೆ ಬಹಳ ಶಾಲೆಗಳಲ್ಲಿ ಒಂಬತ್ತನೆಯದನ್ನು ಓಡಿಸಿ ಮುಗಿಸಿ, ಎಸ್ಸೆಸ್ಸೆಲ್ಸಿ ಪಾಠ ಬೇಗ ಶುರು ಮಾಡುತ್ತಾರೆ. ಪಬ್ಲಿಕ್ ಪರೀಕ್ಷೆ ಇಲ್ಲದ ವರ್ಷ ಅಲ್ವಾ! ಆ ಸಾಲವನ್ನು ಮಕ್ಕಳು ಈಗ ತೀರಿಸುತ್ತಿದ್ದಾರೆ.

ಇವೆಲ್ಲ ಪಾಠದ ಮಾತಾಯಿತು. ನಿಮ್ಮ ಪತ್ರದಲ್ಲಿ ನನಗೆ ಇಷ್ಟೇ ದೊಡ್ಡದಾಗಿ ಕಂಡದ್ದು ಆರೂವರೆ ಬಸ್ಸು. ಅವಳು ಎಷ್ಟು ಗಂಟೆಗೆ ಏಳುತ್ತಾಳೆ? ತಿಂಡಿ ತಿಂದು ಹೋಗುತ್ತಾಳಾ, ಡಬ್ಬಿಗೆ ಹಾಕಿಕೊಂಡು ಹೋಗುತ್ತಾಳಾ? ನೇರವಾಗಿ ಕೇಳುತ್ತೇನೆ, ಕಾಲೇಜಿನಲ್ಲಿ ನೀರು ಕುಡಿಯುತ್ತಾಳಾ? ಶೌಚಾಲಯ ಚೆನ್ನಾಗಿಲ್ಲ ಅಂತ ಬೆಳಗ್ಗಿಂದ ಸಂಜೆವರೆಗೆ ನೀರು ಮುಟ್ಟದ ಹುಡುಗಿಯರನ್ನು ನಾನು ಪ್ರತಿ ಬ್ಯಾಚಿನಲ್ಲೂ ನೋಡಿದ್ದೇನೆ. ಮಧ್ಯಾಹ್ನದ ಹೊತ್ತಿಗೆ ತಲೆನೋವು, ಕಣ್ಣು ಎಳೆಯುತ್ತದೆ, ಕೊನೆಯ ಎರಡು ಪಿರಿಯಡ್ ಏನೂ ಕೇಳಿಸುವುದಿಲ್ಲ. ಹದಿನಾರರ ವಯಸ್ಸಿಗೆ ಎಂಟು ಗಂಟೆಯಾದರೂ ನಿದ್ದೆ ಬೇಕು. ಈ ವಯಸ್ಸಿನಲ್ಲಿ ರಾತ್ರಿ ನಿದ್ದೆ ಬರುವುದೇ ಸ್ವಲ್ಪ ತಡ, ಅದು ದೇಹದ ರೀತಿ, ಸೋಮಾರಿತನ ಅಲ್ಲ. ರಾತ್ರಿ ಹನ್ನೊಂದೂವರೆವರೆಗೆ ಪುಸ್ತಕದ ಮುಂದೆ ತೂಕಡಿಸುವುದಕ್ಕಿಂತ ಹತ್ತಕ್ಕೆ ಮಲಗಿ ಬಸ್ಸಿಗೆ ಏಳುವುದು ಮೇಲು. ಬಿಸಿಎಂ (ಹಿಂದುಳಿದ ವರ್ಗಗಳ ಇಲಾಖೆಯ) ಹಾಸ್ಟೆಲ್ ಅಥವಾ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ನಲ್ಲಿ ಜಾಗ ಉಳಿದಿದೆಯಾ ಅಂತ ವಿಚಾರಿಸಿ. ದಿನಕ್ಕೆ ಎರಡು–ಮೂರು ಗಂಟೆ ಉಳಿಯುತ್ತದೆ. ಆದರೆ ಅವಳಿಗೆ ಮನಸ್ಸಿದ್ದರೆ ಮಾತ್ರ. ಕುಗ್ಗಿರುವ ಮಗುವನ್ನು ಒತ್ತಾಯ ಮಾಡಿ ಮನೆಯಿಂದ ಹೊರಗಿಟ್ಟರೆ ಇನ್ನಷ್ಟು ಕುಗ್ಗುತ್ತದೆ.

ಪಕ್ಕದ ಮನೆಯವರ ಮಾತಿಗೆ ಬರೋಣ. ಕನ್ನಡ ಮೀಡಿಯಂ ಮಕ್ಕಳಿಗೆ ಸೈನ್ಸ್ ಹತ್ತುವುದಿಲ್ಲ ಎನ್ನುವುದು ಸುಳ್ಳು. ನನ್ನ ಕ್ಲಾಸಿನಿಂದಲೇ ಡಾಕ್ಟರು, ಎಂಜಿನಿಯರು, ಕೃಷಿ ಅಧಿಕಾರಿ ಆದವರಿದ್ದಾರೆ, ಮೊದಲ ಟೆಸ್ಟ್‌ನಲ್ಲಿ ಒಂದಂಕಿ ತೆಗೆದವರೂ ಅವರಲ್ಲಿದ್ದಾರೆ. ಆದರೆ ಅದರ ಎದುರು ಹೇಳುವ ಮಾತೂ ಪೂರ್ತಿ ನಿಜವಲ್ಲ, ಕಷ್ಟವೇ ಇಲ್ಲ ಎನ್ನುವುದು. ಮೊದಲ ಆರು ತಿಂಗಳು ಅವಳಿಗೆ ಬೇರೆಯವರಿಗಿಂತ ಜಾಸ್ತಿ ಕೆಲಸ ಇದೆ. ಇದನ್ನು ಅವಳಿಗೆ ಹಾಗೆಯೇ ಹೇಳಿ. "ನಿನಗೆ ಎರಡು ಪಾಠ, ಒಂದು ಸೈನ್ಸು, ಒಂದು ಇಂಗ್ಲಿಷು. ಅದಕ್ಕೇ ಸುಸ್ತು" ಅಂದರೆ ಮಕ್ಕಳಿಗೆ ಅರ್ಥವಾಗುತ್ತದೆ.

ಕನ್ನಡದಲ್ಲಿ ಓದಿದ್ದಕ್ಕೆ ಒಂದು ಲೆಕ್ಕವೂ ಉಂಟು, ನಿಮ್ಮ ಪಕ್ಕದವರಿಗೆ ಗೊತ್ತಿದೆಯೋ ಇಲ್ಲವೋ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಸೀಟಿನಲ್ಲಿ 5 ಶೇಕಡಾ ಮೀಸಲು ಇದೆ. ಹತ್ತು ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ 15 ಶೇಕಡಾ. ಎರಡಕ್ಕೂ ಶಾಲೆಯ ಸರ್ಟಿಫಿಕೇಟ್ ಬೇಕು. ಈಗಲೇ ತೆಗೆದಿಡಿ, ಆಮೇಲೆ ಮೇ ತಿಂಗಳ ಬಿಸಿಲಲ್ಲಿ ಬಿಇಒ ಕಚೇರಿಗೆ ಅಲೆಯುವುದು ತಪ್ಪುತ್ತದೆ. ನೀಟ್ ಪ್ರಶ್ನೆಪತ್ರಿಕೆಯನ್ನೂ ಕನ್ನಡದಲ್ಲಿ ತೆಗೆದುಕೊಳ್ಳಬಹುದು. ಪಾಠ ಇಂಗ್ಲಿಷಿನಲ್ಲಿ ಕಲಿತ ಮೇಲೆ ಅದು ಎಲ್ಲರಿಗೂ ಹೊಂದುವುದಿಲ್ಲ, ಆ ಮಾತು ಬೇರೆ.

ಇನ್ನೊಂದು ಭಯ, ಈ ಅಂಕಗಳು ಅವಳ ಮುಂದಿನ ದಾರಿ ಮುಚ್ಚಿಬಿಡುತ್ತವೆ ಎನ್ನುವುದು. ಇಲ್ಲ. ಎಂಜಿನಿಯರಿಂಗ್ ಸಿಇಟಿ ರ‍್ಯಾಂಕಿಗೆ ಸೇರುವುದು ಎರಡನೇ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕ ಅರ್ಧ, ಸಿಇಟಿಯಲ್ಲಿ ಬಂದ ಅಂಕ ಅರ್ಧ. ಮೊದಲ ಪಿಯುಸಿಯ ಅಂಕವನ್ನು ಯಾರೂ ಕೇಳುವುದಿಲ್ಲ, ಪಾಸಾಗಿದ್ದರೆ ಸಾಕು. ಆದರೆ ಮೊದಲ ವರ್ಷದ ಪಾಠ ಸಿಇಟಿಯಲ್ಲೂ ನೀಟ್‌ನಲ್ಲೂ ಬರುತ್ತದೆ. ಹಾಗಾಗಿ ಅಂಕ ಹೋದರೆ ಹೋಗಲಿ, ಪಾಠ ಹೋಗಬಾರದು. ಈ ವರ್ಷದ ಹಟ ಇಷ್ಟೇ ಇರಲಿ.

ಈಗ ಏನು ಮಾಡಬೇಕು? ಮೊದಲು ಆ ನಾಲ್ಕು ಉತ್ತರ ಪತ್ರಿಕೆಗಳನ್ನು ಹರಡಿಕೊಂಡು ಅವಳ ಜೊತೆ ಒಂದು ಭಾನುವಾರ ಕೂತುಕೊಳ್ಳಿ. ನಿಮಗೆ ಇಂಗ್ಲಿಷ್ ಬರಬೇಕಾಗಿಲ್ಲ. ಅಂಕ ಹೋದ ಪ್ರತಿ ಪ್ರಶ್ನೆಗೂ ಅವಳನ್ನೇ ಕೇಳಿ: ಪ್ರಶ್ನೆ ಏನು ಕೇಳಿದ್ದಾರೆ ಅಂತ ಆ ದಿನ ಗೊತ್ತಾಗಿತ್ತಾ? ಗೊತ್ತಾಗಿರಲಿಲ್ಲ ಅಂದರೆ ಪಕ್ಕದಲ್ಲಿ ಒಂದು ಸೊನ್ನೆ ಹಾಕಲಿ. ಗೊತ್ತಿತ್ತು, ಉತ್ತರವೂ ಮನಸ್ಸಿನಲ್ಲಿತ್ತು, ಇಂಗ್ಲಿಷಿನಲ್ಲಿ ಬರೆಯಲಾಗಲಿಲ್ಲ ಅಂದರೆ ಒಂದು ಗೆರೆ. ಕನ್ನಡದಲ್ಲಿ ಕೇಳಿದ್ದರೂ ಬರುತ್ತಿರಲಿಲ್ಲ ಅಂದರೆ ಒಂದು ಗುಣಿಸು ಚಿಹ್ನೆ. ಆಮೇಲೆ ಎಣಿಸಿ. ನಾನು ಇದನ್ನು ನೂರಾರು ಮಕ್ಕಳ ಜೊತೆ ಮಾಡಿದ್ದೇನೆ. ಕನ್ನಡ ಮಾಧ್ಯಮದವರಲ್ಲಿ ಮೊದಲ ಟೆಸ್ಟ್‌ಗೆ ಸೊನ್ನೆ, ಗೆರೆಗಳೇ ಜಾಸ್ತಿ ಇರುತ್ತಿದ್ದವು. ಮಗು ತಾನೇ ಎಣಿಸಿ ನೋಡಿದಾಗ "ನಾನು ದಡ್ಡಿ" ಎನ್ನುವ ಮಾತು ಅರ್ಧ ಇಳಿಯುತ್ತದೆ. ನೀವು ಹತ್ತು ಸಲ ಜಾಣೆ ಎಂದರೂ ಇಳಿಯದ್ದು ಅದು.

ಸೊನ್ನೆ ಜಾಸ್ತಿ ಇದ್ದರೆ ಮದ್ದು ಸುಲಭ. ಒಂದು ಇನ್ನೂರು ಪುಟದ ನೋಟ್‌ಬುಕ್, ಎಡಗಡೆ ಇಂಗ್ಲಿಷ್ ಶಬ್ದ, ಬಲಗಡೆ ಹತ್ತನೇ ತರಗತಿಯವರೆಗೆ ಕಲಿತ ಕನ್ನಡ ಶಬ್ದ. ಡಿಕ್ಷನರಿ ನೋಡಿ ಒಂದೇ ದಿನ ತುಂಬಿಸುವುದಲ್ಲ. ಆ ದಿನ ಕ್ಲಾಸಿನಲ್ಲಿ ಬಂದದ್ದು ಅಷ್ಟೇ, ದಿನಕ್ಕೆ ಎಂಟೋ ಹತ್ತೋ. ಕೊನೆಯ ಎರಡು ಪುಟದಲ್ಲಿ ನಾನು ಹೇಳಿದ ಪ್ರಶ್ನೆಯ ಕ್ರಿಯಾಪದಗಳು. ಗೆರೆ ಜಾಸ್ತಿ ಇದ್ದರೆ ದಿನಕ್ಕೆ ಒಂದೇ ಒಂದು ಉತ್ತರವನ್ನು ಪುಸ್ತಕ ಮುಚ್ಚಿ ಇಂಗ್ಲಿಷಿನಲ್ಲಿ ಬರೆಯಲಿ. ವಾಕ್ಯ ಚಿಕ್ಕದಿರಲಿ, ಐದಾರು ಪದ ಸಾಕು. ವ್ಯಾಕರಣ ತಪ್ಪಿದರೆ ತಪ್ಪಲಿ. ಫಿಸಿಕ್ಸ್ ಪೇಪರ್ ತಿದ್ದುವಾಗ ನಾವು ಸೂತ್ರ, ಚಿತ್ರ, ಹಂತ, ಯೂನಿಟ್ ನೋಡುತ್ತೇವೆ, ಇಂಗ್ಲಿಷಿನ ಚೆಂದ ನೋಡುವುದಿಲ್ಲ.

ಗುಣಿಸು ಚಿಹ್ನೆ ಜಾಸ್ತಿ ಇದ್ದರೆ ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕ ತೆಗೆಯಬೇಕು. ರದ್ದಿಗೆ ಹಾಕಿದ್ದರೆ ಊರಿನ ಶಾಲೆಯಲ್ಲಿ ಕೇಳಿದರೆ ಸಿಗುತ್ತದೆ. ನಾಳೆ ಕಾಲೇಜಿನಲ್ಲಿ ಬರುವ ಪಾಠವನ್ನು ಇವತ್ತು ರಾತ್ರಿ ಕನ್ನಡದಲ್ಲಿ ಇಪ್ಪತ್ತು ನಿಮಿಷ ಓದಿ ಹೋಗಲಿ. ಕ್ಲಾಸಿನಲ್ಲಿ ಕೂತಾಗ ಅರ್ಧ ಗೊತ್ತಿರುವ ಕಥೆ ಕೇಳಿದ ಹಾಗಾಗುತ್ತದೆ. ಕಾಲೇಜು ಸೇರಿದ ಮೇಲೆ ಕನ್ನಡ ಪುಸ್ತಕ ಮುಟ್ಟಬಾರದು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಯೋಚನೆ ಕನ್ನಡದಲ್ಲಿ ಮಾಡಲಿ, ಬರೆಯುವುದು ಇಂಗ್ಲಿಷಿನಲ್ಲಿ ಇರಲಿ. ಯೋಚನೆಯನ್ನೂ ಈಗಲೇ ಇಂಗ್ಲಿಷಿಗೆ ತಳ್ಳಿದರೆ ಎರಡೂ ಕೆಡುತ್ತವೆ. ಇಂಗ್ಲಿಷ್ ನ್ಯೂಸ್ ನೋಡು, ಮನೆಯಲ್ಲಿ ಇಂಗ್ಲಿಷ್ ಮಾತಾಡು ಎನ್ನುವ ಸಲಹೆಗಳನ್ನೂ ಬಿಟ್ಟುಬಿಡಿ. ನ್ಯೂಸ್‌ನಲ್ಲಿ ಯಾರೂ ಮೊಮೆಂಟಮ್ ಬಗ್ಗೆ ಮಾತಾಡುವುದಿಲ್ಲ.

ಮ್ಯಾಥ್ಸ್ ಮಾತ್ರ ಮನೆಯಲ್ಲಿ ಆಗುವ ಕೆಲಸ ಅಲ್ಲ. ಅದಕ್ಕೆ ಒಬ್ಬರು ಹೇಳಿಕೊಡುವವರು ಬೇಕು. ಮೊದಲು ಕಾಲೇಜಿನ ಮ್ಯಾಥ್ಸ್ ಲೆಕ್ಚರರನ್ನೇ ಹೋಗಿ ಕಾಣಿ. "ನಮ್ಮ ಮಗಳು ವೀಕ್" ಅನ್ನಬೇಡಿ, "ರೇಡಿಯನ್ ಅರ್ಥ ಆಗಿಲ್ಲವಂತೆ, ಫಂಕ್ಷನ್ ಅರ್ಥ ಆಗಿಲ್ಲವಂತೆ" ಅನ್ನಿ. ಹೀಗೆ ಇಂಥದ್ದು ಅಂತ ಕೇಳಿಕೊಂಡು ಬಂದವರನ್ನು ನಾವು ವಾಪಸ್ ಕಳಿಸುವುದು ಕಡಿಮೆ. ಅಲ್ಲಿ ಆಗದಿದ್ದರೆ ಮ್ಯಾಥ್ಸ್ ಒಂದಕ್ಕೇ ವಾರಕ್ಕೆ ಎರಡು–ಮೂರು ದಿನ ಟ್ಯೂಷನ್ ಹಾಕಿ. ನಾಲ್ಕೂ ವಿಷಯಕ್ಕೆ ಹಾಕಿದರೆ ಆರಕ್ಕೆ ಬರುವ ಹುಡುಗಿ ಎಂಟೂವರೆಗೆ ಬರುತ್ತಾಳೆ. ತಾನೇ ಕೂತು ಓದುವುದಕ್ಕೆ ಸಮಯ ಎಲ್ಲಿ?

ಇನ್ನು ನಿಮ್ಮ ಮನೆಯಲ್ಲಿ ನಡೆದಿರುವ ಚರ್ಚೆ.

ಆರ್ಟ್ಸ್ ಎಂದರೆ ಸೋತವರು ಹೋಗುವ ಜಾಗ ಅಲ್ಲ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಇಷ್ಟಪಟ್ಟು ಓದಿದವರು ಚೆನ್ನಾಗಿ ಬಾಳಿದ್ದಾರೆ. ಕನ್ನಡದಲ್ಲೇ ಓದಬಹುದು. ಕಾಮರ್ಸ್‌ನಲ್ಲಿ ಇನ್ನೊಂದು ಅನುಕೂಲ, ಅಕೌಂಟೆನ್ಸಿ ಎಲ್ಲರಿಗೂ ಹೊಸದು, ಎಲ್ಲರೂ ಒಂದೇ ಗೆರೆಯಿಂದ ಓಡಲು ಶುರು ಮಾಡುತ್ತಾರೆ. ಆದರೆ ಸೈನ್ಸ್ ಓದಿದವರು ಮುಂದೆ ಬಿಎಗೂ ಬಿಕಾಂಗೂ ಹೋಗಬಹುದು, ಆರ್ಟ್ಸ್, ಕಾಮರ್ಸ್‌ನಿಂದ ಸೈನ್ಸ್‌ಗೆ ಬರಬೇಕಾದರೆ ಪಿಯುಸಿ ಮೊದಲಿನಿಂದ ಓದಬೇಕು. "ಆರ್ಟ್ಸ್‌ಗೆ ಹಾಕ್ಬಿಡು" ಎನ್ನುವುದು ಅವಳು ಪೇಪರ್ ಕೊಟ್ಟ ವಾರ ಅಳುತ್ತ ಹೇಳಿದ ಮಾತು. ಅವಳಿಗೆ ಆರ್ಟ್ಸ್ ಬೇಕಾಗಿದೆಯೋ, ಈ ನೋವು ನಿಲ್ಲಬೇಕಾಗಿದೆಯೋ? ಇದು ತಿಳಿಯಬೇಕಾದರೆ ಒಂದು ಪ್ರಶ್ನೆ ಕೇಳಿ: "ಎಲ್ಲ ಪಾಠವೂ ಕನ್ನಡದಲ್ಲೇ ಇದ್ದಿದ್ದರೆ ಏನು ತಗೋತಿದ್ದೆ?" ಆರ್ಟ್ಸ್ ಅಂದರೆ, ಸೇರಿಸಿ, ಬೇಜಾರು ಬೇಡ. ಸೈನ್ಸ್ ಅಂದರೆ ಸ್ವಲ್ಪ ತಡೆಯಿರಿ.

ತಡೆಯುವುದರಲ್ಲೂ ಅಪಾಯ ಇದೆ. ಕಾಂಬಿನೇಷನ್ ಬದಲಿಸಲು ಕೊನೆಯ ದಿನ ಅಂತ ಇರುತ್ತದೆ. ಪ್ರಿನ್ಸಿಪಾಲರನ್ನು ಈ ವಾರವೇ ಕೇಳಿ. ಆ ದಿನ ಇನ್ನೂ ಮುಂದಿದ್ದರೆ ಅಲ್ಲಿಯವರೆಗೆ ಮೇಲೆ ಹೇಳಿದ ಕೆಲಸ ಮಾಡಿ ನೋಡಿ. ದಾಟಿ ಹೋಗಿದ್ದರೆ ಈ ವರ್ಷ ಸೈನ್ಸ್‌ನಲ್ಲೇ ಪಾಸಾಗುವುದು ಗುರಿ, ಆರ್ಟ್ಸ್ ಮಾತನ್ನು ಮನೆಯಲ್ಲಿ ಎತ್ತಬೇಡಿ. ದಿನಾ ಎತ್ತುತ್ತಿದ್ದರೆ ಮಗುವಿನ ಕಾಲು ಎಲ್ಲೂ ಊರುವುದಿಲ್ಲ. ದಸರಾ ರಜೆಯ ಹೊತ್ತಿಗೆ ಮಿಡ್‌ಟರ್ಮ್ ಮುಗಿದಿರುತ್ತದೆ. ಆಗ ಮತ್ತೆ ಪೇಪರ್ ಹರಡಿಕೊಂಡು ಸೊನ್ನೆ, ಗೆರೆ ಎಣಿಸಿ. ಒಟ್ಟು ಅಂಕ ಏರದಿದ್ದರೂ ಸೊನ್ನೆಗಳು ಕಡಿಮೆಯಾಗಿದ್ದರೆ ದಾರಿ ಸರಿ ಇದೆ. ಸೊನ್ನೆಯೂ ಕಡಿಮೆಯಾಗಿಲ್ಲ, ಗುಣಿಸು ಚಿಹ್ನೆಯೂ ಜಾಸ್ತಿಯಾಗಿದೆ, ಅವಳಿಗೂ ರುಚಿ ಹತ್ತಿಲ್ಲ ಅಂದರೆ, ಮುಂದಿನ ಜೂನ್‌ನಲ್ಲಿ ಬೇರೆ ವಿಭಾಗಕ್ಕೆ ಹೊಸದಾಗಿ ಸೇರಿಸುವುದರಲ್ಲಿ ಅವಮಾನ ಏನೂ ಇಲ್ಲ. ಒಂದು ವರ್ಷ ಹೋಗುತ್ತದೆ, ನಿಜ.

ರೆಸಿಡೆನ್ಷಿಯಲ್ ಕಾಲೇಜಿನ ಬಗ್ಗೆ ನಿಮ್ಮ ತಮ್ಮನಿಗೆ ಹೀಗೆ ಹೇಳಿ. ಅಲ್ಲಿ ಓದುವ ಸಮಯ ಸಿಗುತ್ತದೆ, ಬಸ್ಸಿನ ಕಾಟ ಇಲ್ಲ, ಅದೆಲ್ಲ ಸರಿ. ಆದರೆ ಅಲ್ಲಿ ಪಿಯುಸಿ ಪಾಠದ ಜೊತೆ ನೀಟ್, ಸಿಇಟಿ ಕೋಚಿಂಗ್ ಸೇರಿರುತ್ತದೆ, ಓಟ ಇನ್ನೂ ಜೋರು. ಜೂನ್‌ನಿಂದ ಶುರುವಾದ ಪಾಠಕ್ಕೆ ಆಗಸ್ಟ್‌ನಲ್ಲಿ ಹೋದರೆ ಎರಡು ತಿಂಗಳು ಹಿಂದೆ. ವಾರವಾರ ಟೆಸ್ಟು, ಗೋಡೆ ಮೇಲೆ ರ‍್ಯಾಂಕು. ಈಗಾಗಲೇ ತಾನು ದಡ್ಡಿ ಎನ್ನುತ್ತಿರುವ ಮಗುವಿಗೆ ಅದೊಂದು ಬೇಕಾ? ಫೀಸು ಒಮ್ಮೆ ಕಟ್ಟಿದರೆ ವಾಪಸ್ ಬರುವುದು ಕಷ್ಟ. ಮೇಲಾಗಿ ನಮಗಾಗಿ ಅಪ್ಪ ಸಾಲ ಮಾಡಿದ್ದಾರೆ ಎನ್ನುವುದು ಗೊತ್ತಾದ ಮೇಲೆ, ಆಗುತ್ತಿಲ್ಲ ಅಂತ ಹೇಳುವ ಬಾಯೂ ಮಕ್ಕಳಿಗೆ ಕಟ್ಟಿಹೋಗುತ್ತದೆ. ನಾನಾದರೆ ಸಾಲ ಮಾಡುವುದಿಲ್ಲ. ಡಿಪ್ಲೊಮಾ ದಾರಿಯೂ ಇದೆ, ಮೂರು ವರ್ಷ ಪಾಲಿಟೆಕ್ನಿಕ್ ಓದಿ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ಆದರೆ ಬಯಾಲಜಿಯಲ್ಲಿ ಮನಸ್ಸಿರುವ ಹುಡುಗಿಗೆ ಅದು ಹೊಂದುವುದಿಲ್ಲ.

ಒಂದು ಮಾತು ಗಂಭೀರವಾಗಿ ಹೇಳಬೇಕು. ಪೇಪರ್ ಬಂದ ದಿನ ಊಟ ಬಿಡುವುದು, ಅಳುವುದು ಸಹಜ. ಆದರೆ ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ, ಯಾರ ಜೊತೆಗೂ ಮಾತು ಬೇಡ ಎಂದರೆ, ಕಾಲೇಜಿಗೆ ಹೊರಡುವಾಗ ವಾಂತಿ, ಹೊಟ್ಟೆನೋವು ಬರುತ್ತಿದ್ದರೆ, "ನಾನು ಇರಬಾರದು" ಎನ್ನುವಂಥ ಮಾತು ಒಂದೇ ಸಲ ಬಂದರೂ, ಅದನ್ನು ಓದಿನ ಸಮಸ್ಯೆ ಅಂದುಕೊಳ್ಳಬೇಡಿ. ಅವಳನ್ನು ಒಬ್ಬಳೇ ಬಿಡಬೇಡಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416. ದಿನದ ಯಾವ ಹೊತ್ತಿನಲ್ಲಾದರೂ, ಕನ್ನಡದಲ್ಲೇ ಮಾತಾಡಬಹುದು, ಹಣ ಇಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರೂ ಇರುತ್ತಾರೆ. ಆಗ ಸೈನ್ಸೋ ಆರ್ಟ್ಸೋ ಎನ್ನುವುದು ಎರಡನೇ ಮಾತು.

ಕೊನೆಗೆ ನೀವು ಕೇಳಿದ್ದು, ಏಳನೇ ಕ್ಲಾಸು ಓದಿದ ನಾನು ಏನು ಮಾಡಲಿ ಅಂತ. ನನ್ನ ಪ್ರಕಾರ ಈ ಮನೆಯಲ್ಲಿ ಅವಳಿಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬರುವವರು ನೀವೇ. ಯಾಕೆಂದರೆ ನಿಮಗೆ ಅವಳು ಕನ್ನಡದಲ್ಲೇ ಹೇಳಬೇಕು, ಅರ್ಥವಾಗುವ ಹಾಗೆ ಹೇಳಬೇಕು. ತನಗೆ ಅರ್ಥವಾಗದ್ದನ್ನು ನಿಮಗೆ ಹೇಳಲು ಅವಳಿಂದ ಆಗುವುದಿಲ್ಲ, ಎಲ್ಲಿ ತಡೆಯಿತು ಅಂತ ಅಲ್ಲೇ ಗೊತ್ತಾಗುತ್ತದೆ. ಸಂಜೆ ಬಂದ ತಕ್ಷಣ ಅಲ್ಲ. ಮೊದಲು ಮುಖ ತೊಳೆದು ಏನಾದರೂ ತಿನ್ನಲಿ. ಎಷ್ಟು ಬಂತು, ಯಾರಿಗೆ ಜಾಸ್ತಿ ಬಂತು ಅಂತ ಕೇಳಬೇಡಿ. ಆಮೇಲೆ ನೀವು ಬಟ್ಟೆ ಹೊಲಿಯುತ್ತಿರುವಾಗ ಪಕ್ಕದಲ್ಲಿ 15 ನಿಮಿಷ ಕೂರಿಸಿಕೊಳ್ಳಿ.

ನಿಮ್ಮದು ಕಾಲಲ್ಲಿ ತುಳಿಯುವ ಮಿಷನ್ ಆಗಿದ್ದರೆ ಶುರು ಮಾಡಲು ಒಂದು ಪ್ರಶ್ನೆ ಕೊಡುತ್ತೇನೆ. ಕೆಳಗಿನ ದೊಡ್ಡ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಮೇಲಿನ ಚಿಕ್ಕ ಚಕ್ರ ಎಷ್ಟು ಸುತ್ತು ಬರುತ್ತದೆ? ಬೆಲ್ಟು ಒಂದೇ, ಅದು ಎರಡೂ ಕಡೆ ಒಂದೇ ವೇಗದಲ್ಲಿ ಓಡುತ್ತದೆ, ಆದರೂ ಚಕ್ರಗಳು ಒಂದೇ ಸಮ ತಿರುಗುವುದಿಲ್ಲ ಯಾಕೆ? ಅವಳೇ ಟೇಪ್ ಹಿಡಿದು ಎರಡೂ ಚಕ್ರದ ಅಗಲ ಅಳೆಯಲಿ. ಅದರಲ್ಲಿ ಅವರ ರೊಟೇಷನಲ್ ಮೋಷನ್ ಪಾಠದ ಮುಖ್ಯವಾದ ಸೂತ್ರವೊಂದು ಇದೆ. ಪಾಠ ಇನ್ನೂ ಬಂದಿರಲಿಕ್ಕಿಲ್ಲ, ಬಂದಾಗ ಕ್ಲಾಸಿನಲ್ಲಿ ಅವಳಿಗೆ ನಿಮ್ಮ ಮಿಷನ್ ಕಣ್ಣಮುಂದೆ ಬರುತ್ತದೆ. ಮಿಡ್‌ಟರ್ಮ್ ಆದ ಮೇಲೆ ಸೊನ್ನೆ ಎಷ್ಟು, ಗೆರೆ ಎಷ್ಟು ಅಂತ ನನಗೊಂದು ಕಾಗದ ಬರೆಯಿರಿ. ಅವಳ ಕೈಯಲ್ಲೇ ಬರೆಸಿದರೂ ಸರಿ.